ಮೌನಕ್ಕೆ ಕತ್ತರಿ ಹಾಕಬಹುದೇ?

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಅಜ್ಜಿಗೆ ತೊಂಬತ್ತು ದಾಟಿದೆ. ಎದುರಿಗೆ ಒಂದು ಕ್ಯಾಮೆರಾ ಮುಖವನ್ನು ನೋಡುತ್ತಿತ್ತು. ಓರೆಯಲ್ಲಿ ಇನ್ನೊಂದು, ಕೈಗಳೂ ಕಾಣುವಂತೆ. ಎರಡನ್ನೂ ಚಾಲೂ ಮಾಡಿ ಒಮ್ಮೆ ಚಪ್ಪಾಳೆ ತಟ್ಟಿದೆ. ಆ ಸದ್ದನ್ನು ಗುರುತಾಗಿ ಹಿಡಿದರೆ ಎಡಿಟಿಂಗ್ ಮಾಡುವಾಗ ಎರಡೂ ದೃಶ್ಯಗಳನ್ನು ಒಂದೇ ಕ್ಷಣಕ್ಕೆ ಹೊಂದಿಸಬಹುದು. ಮೈಕಿಗೆ ಗಾಳಿಯ ಸದ್ದು ಬೀಳದಿರಲೆಂದು ಫ್ಯಾನ್ ಆರಿಸಿದ್ದೆವು. ಬೇಸಿಗೆಯ ಆ ಸೆಕೆಯನ್ನು ಅಜ್ಜಿ ನಮಗಾಗಿ ತಡೆದುಕೊಂಡರು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1947ರಲ್ಲಿ ದೇಶ ಸ್ವತಂತ್ರವಾದರೂ ಇಲ್ಲಿ ರಜಾಕಾರರ ಹಾವಳಿ ನಿಂತಿರಲಿಲ್ಲ. ಗಡಿಯಾಚೆ, ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಬಂತು. 17ರಂದು ನಿಜಾಮರು ಶರಣಾದರು. ಬುತ್ತಿ ಕಟ್ಟಿಕೊಂಡು ರಾತ್ರೋರಾತ್ರಿ ಗಡಿ ದಾಟಿದ್ದನ್ನು ಅಜ್ಜಿ ಎಲ್ಲಿಯೂ ತಡವರಿಸದೆ ಹೇಳಿದರು.

ಆಮೇಲೆ ಕೇಳಿದೆ: “ಆಯಿ, ನೀವು ತಿರುಗಿ ಬಂದಾಗ ನೆರೆಮನ್ಯಾಗಿನ ಸಾಬರು ಇದ್ರೇನ್ರಿ?”

ಅಜ್ಜಿ ಸುಮ್ಮನಾದರು. ಮುಖ ಕದಲಲಿಲ್ಲ. ಸುಮಾರು 40 ಸೆಕೆಂಡು ಕಳೆದ ಮೇಲೆ ಹೇಳಿದರು: “ಇರಲಿಲ್ಲ, ತಮ್ಮಾ. ಅವರೂ ನಮ್ಮವರ ಇದ್ರು.”

ಒಂದೇ ಕ್ಯಾಮೆರಾ ಇದ್ದಿದ್ದರೆ ಆ ಮೌನವನ್ನು ಕತ್ತರಿಸಿದ ಕಡೆ ಚಿತ್ರ ಜಿಗಿಯುತ್ತದೆ. ಏನೋ ಹೋಗಿದೆಯೆಂದು ನೋಡುವವರಿಗೆ ತಿಳಿಯುತ್ತದೆ. ಎರಡಿದ್ದರೆ ಒಂದರಿಂದ ಇನ್ನೊಂದಕ್ಕೆ ಹಾರಿ ಗಾಯವೇ ಕಾಣದಂತೆ ಹೊಲಿಯಬಹುದು. ಅಜ್ಜಿ ಕೂಡಲೇ ಉತ್ತರ ಕೊಟ್ಟಂತೆ ತೋರುತ್ತದೆ. ನನ್ನ ಮೊದಲ ಪ್ರತಿಯಲ್ಲಿ ಹಾಗೆಯೇ ಮಾಡಿದ್ದೆ. ನೋಡಲು ಚೆನ್ನಾಗಿತ್ತು, ಆದರೆ ಸುಳ್ಳಾಗಿತ್ತು.

ವಿಮೋಚನೆಯ ಕಥೆಯನ್ನು ನಾವು ಪ್ರತಿವರ್ಷ ಸೆಪ್ಟೆಂಬರ್ 17ರಂದು ಹೇಳುತ್ತೇವೆ. ಸೇನಾ ಕಾರ್ಯಾಚರಣೆಯ ನಂತರ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪಂಡಿತ್ ಸುಂದರಲಾಲ್ ಸಮಿತಿಯ ವರದಿ ದಾಖಲಿಸಿದೆ. ಅದನ್ನು ಹೇಳುವುದು ಕಡಿಮೆ. ಅಜ್ಜಿಯ 40 ಸೆಕೆಂಡು ಈ ಎರಡರ ನಡುವೆ ಇದೆ. ಅದನ್ನು ತೆಗೆಯುವುದೆಂದರೆ ಸಾಕ್ಷಿಯ ಹೇಳಿಕೆಯನ್ನೇ ತಿದ್ದಿದಂತೆ.

1994ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಸ್ಥಾಪಿಸಿದ ಶೋವಾ ಫೌಂಡೇಷನ್, ನಾಜಿ ನರಮೇಧದಿಂದ ಬದುಕುಳಿದವರ ಸಂದರ್ಶನಗಳನ್ನು ಒಂದೇ ಕ್ಯಾಮೆರಾದಲ್ಲಿ ಚಿತ್ರಿಸಿ, ಕತ್ತರಿ ಹಾಕದೆ ಇಟ್ಟಿತು. ನಾನು ಎರಡನೆಯ ಕ್ಯಾಮೆರಾ ಬಿಡಲಿಲ್ಲ. ಯಾಕೆಂದರೆ ಆ ಮೌನದಲ್ಲಿ ಅಜ್ಜಿಯ ಬೆರಳುಗಳು ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದುದನ್ನು ಕಂಡದ್ದು ಅದೊಂದೇ. ಈಗ ನನ್ನ ಚಿತ್ರದಲ್ಲಿ ಆ 40 ಸೆಕೆಂಡು ಪೂರ್ತಿ ಇವೆ. ಎರಡೂ ಕ್ಯಾಮೆರಾಗಳ ಮೂಲ ಪ್ರತಿಗಳನ್ನು ಬೇರೆಯಾಗಿ ಕಾಪಿಟ್ಟಿದ್ದೇನೆ.

ಚಿತ್ರವನ್ನು ಅಜ್ಜಿಗೆ ತೋರಿಸಿದಾಗ ತಮ್ಮ ಕೈಗಳನ್ನೇ ನೋಡುತ್ತ ಕೇಳಿದರು: “ಇಷ್ಟೊತ್ತು ಸುಮ್ನಿದ್ನೇನೋ?”

“ಹೌದ್ರಿ ಆಯಿ. ತೆಗೀಲೇನು?”

“ಬ್ಯಾಡ. ಇರ್ಲಿ ಬಿಡು.”