ವಾಹನದ ನಿಜವಾದ ವೆಚ್ಚ: ಲೆಕ್ಕ ಹಾಕುವ ಬಗೆ

ಷೋರೂಮಿನ ಬೆಲೆಯೊಂದರಿಂದಲೇ ವಾಹನದ ವೆಚ್ಚ ತಿಳಿಯುವುದಿಲ್ಲ. ಕೊಂಡ ದಿನದಿಂದ ಮಾರುವ ದಿನದವರೆಗಿನ ಒಟ್ಟು ಖರ್ಚಿನಲ್ಲಿ ಮರುಮಾರಾಟದ ಬೆಲೆಯನ್ನು ಕಳೆದು, ಉಳಿದುದನ್ನು ಓಡಿದ ಕಿಲೋಮೀಟರುಗಳಿಂದ ಭಾಗಿಸಬೇಕು. ಹೀಗೆ ದೊರೆತ ಮೊತ್ತವೇ ಹೋಲಿಕೆಗೆ ಯೋಗ್ಯವಾದ ಅಳತೆ.

ಸ್ಥಿರ ವೆಚ್ಚ: ಸವಕಳಿ, ರಸ್ತೆ ತೆರಿಗೆ, ವಿಮೆ, ಸಾಲದ ಬಡ್ಡಿ, ನಿಲುಗಡೆಯ ಬಾಡಿಗೆ. ವಾಹನ ಓಡದಿದ್ದರೂ ಇವು ತಪ್ಪವು. ಇವುಗಳಲ್ಲಿ ಸವಕಳಿಯನ್ನೇ ಹಲವರು ಮರೆಯುವುದುಂಟು. 2002ರ ಮೋಟಾರು ವಿಮಾ ದರಪಟ್ಟಿಯು ಒಂದು ವರ್ಷದೊಳಗಿನ ವಾಹನಕ್ಕೆ ಶೇ. 15ರವರೆಗೆ, ಐದನೆಯ ವರ್ಷದಲ್ಲಿರುವುದಕ್ಕೆ ಶೇ. 50ರಷ್ಟು ಸವಕಳಿಯನ್ನು ನಿಗದಿಪಡಿಸಿತ್ತು.

ಚರ ವೆಚ್ಚ: ಇಂಧನ, ಟೈರು, ಸರ್ವಿಸ್, ದುರಸ್ತಿ. ಓಡಿದಷ್ಟೂ ಇವು ಏರುತ್ತವೆ.

ಉದಾಹರಣೆ: ಡೀಸೆಲ್ ಕಾರಿನ ಬೆಲೆ ಪೆಟ್ರೋಲ್ ಕಾರಿಗಿಂತ 1,50,000 ರೂ. ಹೆಚ್ಚೆಂದು ಭಾವಿಸೋಣ. ಲೀಟರಿಗೆ 100 ರೂ. ದರದಲ್ಲಿ 16 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ ಕಿ.ಮೀ.ಗೆ 6.25 ರೂ.; 90 ರೂ. ದರದಲ್ಲಿ 20 ಕಿ.ಮೀ. ಓಡುವ ಡೀಸೆಲ್ ಕಾರಿಗೆ 4.50 ರೂ. ಉಳಿತಾಯ 1.75 ರೂ. ಅಧಿಕ ಬೆಲೆ ಮರಳಲು ಸುಮಾರು 86,000 ಕಿ.ಮೀ. ಓಡಬೇಕು. ವರ್ಷಕ್ಕೆ 8,000 ಕಿ.ಮೀ. ಓಡಿಸುವ ಕುಟುಂಬಕ್ಕೆ ಇದು ಹತ್ತು ವರ್ಷಕ್ಕೂ ಮೀರಿದ ಮಾತು.

ಊರಿನಿಂದ ಕಾರು ತರುವವರು ಇನ್ನೊಂದು ವೆಚ್ಚವನ್ನೂ ಗಮನಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ, ಅನ್ಯರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯುವುದು ಅಗತ್ಯ. ಹೊಸ ರಾಜ್ಯದ ತೆರಿಗೆಯೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ, ಎಷ್ಟು ವರ್ಷ, ಎಷ್ಟು ದೂರ, ಯಾವ ರಾಜ್ಯದಲ್ಲಿ ಎಂಬ ಮೂರನ್ನೂ ನಿಶ್ಚಯಿಸಿಕೊಳ್ಳುವುದು ಲೇಸು.