ಟವೆಲ್ ಹಾಕಿದ ಕನ್ನಡ

ಕಂಪ್ಯೂಟರಿಗೆ ಕನ್ನಡ ಬಂದ ಕಥೆಯನ್ನ ನಾವು ಫಾಂಟಿನ ಕಥೆಯಾಗಿ, ಕೀಲಿಮಣೆಯ ಕಥೆಯಾಗಿ ಹೇಳ್ತೀವಿ. ನಾನು ಅದನ್ನ ಇನ್ನೊಂದು ಕಡೆಯಿಂದ ಹೇಳ್ತೀನಿ: ಸ್ವಿಚ್ ಒತ್ತಿದ ಮೇಲಿನ ಮೊದಲ ಎರಡು ಮೂರು ನಿಮಿಷದ ಕಡೆಯಿಂದ. ಆ ಹೊತ್ತಿನಲ್ಲಿ ಯಾವ್ಯಾವ ಪ್ರೋಗ್ರಾಮು ಬಂದು ಒಳಗೆ ಕೂರುತ್ತೆ, ಯಾವುದರ ಹಿಂದೆ ಯಾವುದು ಬರುತ್ತೆ ಅನ್ನೋದರ ಮೇಲೆ ಆ ದಿನದ ಕನ್ನಡ ನಿಂತಿರುತ್ತಿತ್ತು.

1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರಿಗೆ ಕಾಣುತ್ತಿದ್ದದ್ದು ಒಟ್ಟು 1 ಎಂಬಿ ಜಾಗ. ಅದರಲ್ಲಿ ಪ್ರೋಗ್ರಾಮುಗಳ ಪಾಲು 640 ಕೆಬಿ ಮಾತ್ರ. ಯಂತ್ರ ಶುರುವಾದಾಗ ಡಾಸ್ ಎರಡು ಕಡತ ಓದುತ್ತಿತ್ತು, ಕಾನ್ಫಿಗ್ ಸಿಸ್ ಮತ್ತು ಆಟೋಎಕ್ಸೆಕ್ ಬ್ಯಾಟ್. ಅವುಗಳಲ್ಲಿ ಬರೆದಿದ್ದವರೆಲ್ಲ ಸಾಲಾಗಿ ಒಳಗೆ ಬರುತ್ತಿದ್ದರು. ಡಾಸಿನಲ್ಲಿ ಒಂದು ಸಲಕ್ಕೆ ಒಂದೇ ಕೆಲಸ. ಆದರೂ ಕೆಲವು ಪ್ರೋಗ್ರಾಮುಗಳು ಕೆಲಸ ಮುಗಿಸಿ ಎದ್ದುಹೋದ ಹಾಗೆ ಮಾಡಿ ಜಾಗ ಮಾತ್ರ ಬಿಡುತ್ತಿರಲಿಲ್ಲ. ಇವಕ್ಕೆ ಟಿಎಸ್‌ಆರ್ ಅಂತ ಹೆಸರು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದವರಿಗೆ ಇದನ್ನ ವಿವರಿಸೋದೇ ಬೇಡ. ಆಸಾಮಿ ಟೀ ಕುಡಿಯೋಕೆ ಹೋಗಿರ್ತಾನೆ, ಕಿಟಕಿಯಿಂದ ಹಾಕಿದ ಟವೆಲ್ ಸೀಟಿನ ಮೇಲೆ ಕೂತಿರುತ್ತೆ.

ಈ ಟವೆಲ್ ಜಾತಿಯಲ್ಲಿ ಜಗತ್ಪ್ರಸಿದ್ಧವಾದದ್ದು 1984ರ ಸೈಡ್‌ಕಿಕ್. ಯಾವ ಕೆಲಸದ ನಡುವೆಯೂ ಎರಡು ಕೀ ಒತ್ತಿದರೆ ಕ್ಯಾಲ್ಕ್ಯುಲೇಟರು, ನೋಟ್‌ಬುಕ್ಕು ತೆರೆದುಕೊಳ್ಳುತ್ತಿತ್ತು. ಅದಕ್ಕಾಗಿ ಅದು ನೀವು ಒತ್ತುವ ಪ್ರತಿಯೊಂದು ಕೀಯನ್ನೂ ಎಲ್ಲರಿಗಿಂತ ಮೊದಲು ನೋಡಬೇಕಿತ್ತು. ಇಲ್ಲಿನ ನಿಯಮ ತಮಾಷೆಯದು: ಕೊನೆಗೆ ಬಂದು ಸೇರಿದವನ ಕೈಗೇ ಕೀ ಮೊದಲು ಸಿಗೋದು. ಅವನು ನೋಡಿ, ತನ್ನದಲ್ಲದಿದ್ದರೆ ಹಿಂದಿನವನಿಗೆ ದಾಟಿಸಬೇಕು. ದಾಟಿಸೋದು ಮರ್ಯಾದೆಯ ಮಾತೇ ಹೊರತು ಯಾರೂ ಕಡ್ಡಾಯ ಮಾಡಿರಲಿಲ್ಲ. ಇಬ್ಬರು ಕೀಲಿಮಣೆಗೆ ಕೈ ಹಾಕಿ, ಇಬ್ಬರಿಗೂ ತಾನೇ ಮೊದಲು ಆಗಬೇಕು ಅನ್ನಿಸಿದರೆ ಯಂತ್ರ ಕಲ್ಲಾಗುತ್ತಿತ್ತು. ಸೈಡ್‌ಕಿಕ್ ಅನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ ಅನ್ನೋದು ಆ ಕಾಲದ ನಾಣ್ಣುಡಿ. 1993ರ ಡಾಸ್ 6ರಲ್ಲಿ ಎಫ್8 ಒತ್ತಿ ಕಾನ್ಫಿಗ್ ಸಿಸ್‌ನ ಒಂದೊಂದು ಸಾಲನ್ನೂ ಬೇಕೋ ಬೇಡವೋ ಅಂತ ಕೇಳಿ ಒಳಗೆ ಬಿಡುವ ವ್ಯವಸ್ಥೆ ಬಂತು. ಜಗಳ ಅಷ್ಟು ಜೋರಾಗಿತ್ತು ಅಂತಾಯ್ತು.

ಈ ಸಾಲಿನಲ್ಲಿ ಇಂಗ್ಲಿಷ್ ಯಾವತ್ತೂ ನಿಂತಿರಲಿಲ್ಲ. ಅದರ ಅಕ್ಷರಗಳು ಚಿಪ್ಪಿನಲ್ಲೇ ಕೊರೆದು ಕೂತಿದ್ದವು. ಕರೆಂಟು ಬಂದ ಕ್ಷಣಕ್ಕೆ ಇಂಗ್ಲಿಷ್ ಸಿದ್ಧ. ಕನ್ನಡ ಹಾಗಲ್ಲ. ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ ಡಬ್ಬದೊಳಗೇ ಒಂದು ಹಲಗೆ ಸಿಕ್ಕಿಸಿ ಭಾರತೀಯ ಲಿಪಿಗಳನ್ನು ತೋರಿಸಿತು. ಕೆ. ಪಿ. ರಾವ್ ಅವರು ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ ಸೇಡಿಯಾಪು ಎಂದೇ ಹೆಸರಿಟ್ಟರು. ವಿಂಡೋಸ್ ಕಾಲಕ್ಕೆ ಪುಣೆಯ ಶ್ರೀಲಿಪಿ ಬಂತು, 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎಲ್ಲವೂ ದೊಡ್ಡ ಕೆಲಸಗಳೇ. ಆದರೆ ಇವು ವಿಂಡೋಸ್‌ನ ಮನೆಯವರಲ್ಲ, ಹೊರಗಿನಿಂದ ಬಂದವರು. ಇಂಗ್ಲಿಷಿಗೆ ಸೀಟು ಕಾಯಂ, ಕನ್ನಡ ದಿನಾ ಬೆಳಿಗ್ಗೆ ಬಂದು ಟವೆಲ್ ಹಾಕಬೇಕಿತ್ತು.

ವಿಂಡೋಸ್ ಬಂದ ಮೇಲೂ ಸಾಲಿನ ನಿಯಮ ಬದಲಾಗಲಿಲ್ಲ. ಕೀಲಿಮಣೆಗೆ ಕೊಕ್ಕೆ ಹಾಕುವ ಪ್ರೋಗ್ರಾಮುಗಳಲ್ಲಿ ಕೊನೆಗೆ ಹಾಕಿದವನಿಗೇ ಮೊದಲ ಕೀ. ಇದರ ಮೇಲೆ ಕನ್ನಡದ್ದೇ ಒಂದು ತೊಡಕು ಇತ್ತು. ಕೆ. ಪಿ. ರಾವ್ ವಿನ್ಯಾಸದಲ್ಲಿ ಕೆ ಒತ್ತಿದರೆ ಪೂರ್ತಿ ‘ಕ’ ಬರುತ್ತೆ, ಒತ್ತಕ್ಷರ ಬೇಕಾದರೆ ಎಫ್ ಒತ್ತಿ ಬೆಸೆಯಬೇಕು. ಇಂಗ್ಲಿಷಿನ ಉಚ್ಚಾರದಂತೆ ಬರೆಯುವ ಪದ್ಧತಿಯಲ್ಲಿ ಕೆ ಒತ್ತಿದರೆ ಅರ್ಧ ‘ಕ್’, ಎ ಒತ್ತಿದ ಮೇಲೇ ‘ಕ’. ಇಬ್ಬರೂ ಒಟ್ಟಿಗೆ ಕೂತರೆ ಒಂದೇ ಕೀಗೆ ಎರಡು ಅರ್ಥ.

ನಮ್ಮ ಕೊಳ್ಳೇಗಾಲದ ಮನೆಯ ಯಂತ್ರದಲ್ಲಿ ಆದದ್ದೂ ಇದೇ. ವಿಂಡೋಸ್ 98, 32 ಎಂಬಿ ಮೆಮೊರಿ. ಅಣ್ಣ ಸಂಜೆ ಹೊತ್ತು ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ ಟೈಪ್ ಮಾಡಿಕೊಡ್ತಿದ್ದ. ಗಡಿಯಾರದ ಪಕ್ಕದ ಚಿಕ್ಕ ಚಿತ್ರಗಳ ಸಾಲಿನಲ್ಲಿ ಎರಡು ಕನ್ನಡ ತಂತ್ರಾಂಶ ಕೂತಿದ್ದವು. ಹೆಸರು ಬೇಡ. ಒಂದು ದಿನ ಸರಿಯಾಗಿರುತ್ತಿತ್ತು, ಇನ್ನೊಂದು ದಿನ ಒಂದು ಕೀ ಒತ್ತಿದರೆ ಎರಡು ಅಕ್ಷರ, ಒತ್ತಕ್ಷರದ ಜಾಗದಲ್ಲಿ ಯಾವುದೋ ಯುರೋಪಿನ ಚಿಹ್ನೆ, ಆಮೇಲೆ ಪೂರ್ತಿ ಸ್ತಬ್ಧ. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಮೊದಲಿಂದ ಶುರುವಾಗಬೇಕಿತ್ತು. ದಿನಕ್ಕೆ ನಾಲ್ಕು ಸಲ ಈ ಜೂಜು. ಹನೂರು ಕಡೆಯ ಮೇಷ್ಟ್ರೊಬ್ಬರು ಪರದೆ ನೋಡಿ ಅಂದರು, “ಇದೇನಪ್ಪಾ, ಕನ್ನಡಾನೂ ಅಲ್ಲ, ತಮಿಳೂ ಅಲ್ಲ!”

ವಿಂಡೋಸ್ 98ರಲ್ಲಿ ಎಂಎಸ್‌ಕಾನ್ಫಿಗ್ ಅಂತ ಒಂದು ಉಪಕರಣ ಇತ್ತು. ರನ್‌ನಲ್ಲಿ ಆ ಹೆಸರು ಬರೆದರೆ ಸ್ಟಾರ್ಟಪ್ ಪಟ್ಟಿ ತೆರೆಯುತ್ತೆ, ಪ್ರತಿ ಹೆಸರಿನ ಮುಂದೆ ಒಂದು ಟಿಕ್. ದೋಷ ಹುಡುಕುವ ವಿಧಾನ ಹಳೇದು: ಅರ್ಧ ಟಿಕ್ ತೆಗೆ, ಮತ್ತೆ ಶುರು ಮಾಡು. ತೊಂದರೆ ಹೋದರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ, ಹೋಗದಿದ್ದರೆ ಉಳಿದ ಅರ್ಧದಲ್ಲಿ. ಹೀಗೆ ಅರ್ಧ ಮಾಡ್ತಾ ಹೋದರೆ ಹದಿನಾರು ಹೆಸರಿದ್ದರೂ ನಾಲ್ಕೇ ಸಲಕ್ಕೆ ಕಳ್ಳ ಸಿಗಬೇಕು. ನಮಗೆ ಸಿಗಲಿಲ್ಲ, ಯಾಕಂದ್ರೆ ಕಳ್ಳ ಒಬ್ಬನೇ ಆಗಿರಲಿಲ್ಲ. ಒಂದನ್ನೇ ಬಿಟ್ಟರೆ ಚೆನ್ನ, ಇನ್ನೊಂದನ್ನೇ ಬಿಟ್ಟರೂ ಚೆನ್ನ. ಒಬ್ಬೊಬ್ಬರೇ ಇದ್ದಾಗ ಇಬ್ಬರೂ ದೇವರಂಥವರು. ಇಬ್ಬರನ್ನೂ ಬಿಟ್ಟು ಬೇರೆಲ್ಲ ತೆಗೆದಾಗಲೂ ಜಗಳ ಉಳಿದಾಗ ಮಾತ್ರ ವಿಷಯ ಗೊತ್ತಾಯ್ತು.

ಒಂದನ್ನ ಕಿತ್ತುಹಾಕಿದ್ರೆ ಮುಗೀತಿತ್ತಲ್ಲ ಅಂತೀರಾ? ಆಗುತ್ತಿರಲಿಲ್ಲ. ಆ ಕಾಲದ ಫಾಂಟುಗಳಲ್ಲಿ ‘ಕ’ ಅನ್ನೋದು ‘ಕ’ ಆಗಿರಲಿಲ್ಲ. ಇಂಗ್ಲಿಷಿನ ಯಾವುದೋ ಅಕ್ಷರದ ಸಂಖ್ಯೆಗೆ ಕನ್ನಡದ ಚಿತ್ರ ತೊಡಿಸಿರುತ್ತಿದ್ದರು. ಯಾವ ಸಂಖ್ಯೆಗೆ ಯಾವ ಚಿತ್ರ ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಮೈಸೂರಿನ ಪ್ರೆಸ್ಸಿಗೆ ಹೋಗುವ ಲಗ್ನಪತ್ರಿಕೆ ಒಂದು ಫಾಂಟಿನಲ್ಲಿ, ಯಳಂದೂರಿನ ಶಾಲೆಯಿಂದ ಫ್ಲಾಪಿಯಲ್ಲಿ ಬಂದ ಪ್ರಶ್ನೆಪತ್ರಿಕೆ ಇನ್ನೊಂದರಲ್ಲಿ. 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರು ರಾಜ್ಯದಲ್ಲಿ. ಮಾತು ಒಂದೇ, ಕಚೇರಿ ಬೇರೆ. ಆ ಗಡಿ ಅಳಿಸಿ ಅರ್ಧ ಶತಮಾನ ಹತ್ತಿರವಾದ ಮೇಲೆ ಫ್ಲಾಪಿಯೊಳಗೆ ಅಂಥದ್ದೇ ಇನ್ನೊಂದು ಗಡಿ ಎದ್ದಿತ್ತು.

ಅಣ್ಣ ಕಂಡುಕೊಂಡ ಉಪಾಯ ಸರಳವಾದದ್ದು. ಸ್ಟಾರ್ಟಪ್ ಪಟ್ಟಿಯಿಂದ ಎರಡರ ಟಿಕ್ಕೂ ತೆಗೆದ. ಡೆಸ್ಕ್‌ಟಾಪಿನಲ್ಲಿ ಎರಡು ಐಕಾನ್ ಇಟ್ಟ. ಬೇಕಾದದ್ದನ್ನ ಬೇಕಾದಾಗ ತೆರೆಯೋದು, ಇನ್ನೊಂದನ್ನ ತೆರೆಯೋ ಮುಂಚೆ ಮೊದಲನೆಯದನ್ನ ಗಡಿಯಾರದ ಪಕ್ಕದಿಂದ ಪೂರ್ತಿ ಮುಚ್ಚೋದು. ಮಾನಿಟರಿನ ಮೇಲೆ ಚೀಟಿ ಅಂಟಿಸಿದ: ‘ಒಂದು ಎದ್ದ ಮೇಲೆ ಇನ್ನೊಂದು.’ ಜಗಳ ನಿಂತಿತು.

ಆದರೆ ಈ ಪರಿಹಾರದ ಬೆಲೆ ಏನು ಅಂತ ನೋಡಿ. ಆ ಪಟ್ಟಿಯಲ್ಲಿ ಆಂಟಿವೈರಸ್ ಉಳಿಯಿತು, ಸೌಂಡ್ ಕಾರ್ಡಿನ ಗೊಂಬೆ ಉಳಿಯಿತು, ಎದ್ದು ಹೋದದ್ದು ಕನ್ನಡ. ಆಗ ಯಾರನ್ನೇ ಕೇಳಿದರೂ ಒಂದೇ ಸಲಹೆ ಇರುತ್ತಿತ್ತು, “ಸಿಸ್ಟಮ್ ಸ್ಲೋ ಇದ್ಯಾ? ಬೇಡದ್ದನ್ನ ಸ್ಟಾರ್ಟಪ್‌ನಿಂದ ತೆಗೀರಿ.” ಬೇಡದ್ದು ಯಾವುದು ಅಂತ ಪಟ್ಟಿ ನೋಡಿದರೆ, ವಿಂಡೋಸ್‌ಗೆ ಸೇರದ್ದು ಕನ್ನಡವೇ. ಇಂಗ್ಲಿಷನ್ನ ತೆಗೆಯೋಣ ಅಂದರೆ ಅದಕ್ಕೆ ಟಿಕ್ಕೇ ಇಲ್ಲ. ಎಷ್ಟೋ ಕಚೇರಿ, ಅಂಗಡಿಗಳಲ್ಲಿ ‘ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ, ಇಂಗ್ಲಿಷಿನಲ್ಲೇ ಮಾಡಿ’ ಅನ್ನೋ ಮಾತು ಹುಟ್ಟಿದ್ದು ಭಾಷಾದ್ವೇಷದಿಂದಲ್ಲ, ಇಂಥ ಪಟ್ಟಿಗಳ ಮುಂದೆ ಅಂತ ನನಗನ್ನಿಸುತ್ತೆ.

ಈ ಜಗಳದಲ್ಲಿ ಕೊನೆಗೆ ಯಾವ ತಂತ್ರಾಂಶವೂ ಗೆಲ್ಲಲಿಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಸಿಕ್ಕಿತ್ತು. ಅದು ವಿಂಡೋಸ್‌ನೊಳಗೆ ಬಂದದ್ದು ಹತ್ತು ವರ್ಷದ ಮೇಲೆ, 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಆಗಲೂ ಸೆಟ್ಟಿಂಗಿನ ಮೂಲೆಯಲ್ಲಿ ಒಂದು ಟಿಕ್ ಹಾಕಿ, ವಿಂಡೋಸ್ ಸಿಡಿ ಹುಡುಕಿ ತರಬೇಕಿತ್ತು. ವಿಸ್ಟಾ ಬಂದ ಮೇಲೆ ಆ ಟಿಕ್ಕೂ ಹೋಯ್ತು. ಕನ್ನಡಕ್ಕೆ ಕಾಯಂ ಸೀಟು ಸಿಕ್ಕಿದ್ದು ಅವತ್ತು, ಸದ್ದಿಲ್ಲದೆ. ಇವತ್ತು ಬೆಂಗಳೂರಿನ ಆಫೀಸಿನಲ್ಲಿ ಕೂತು ನೀವು ಊರಿಗೆ ಕನ್ನಡದಲ್ಲಿ ಮೆಸೇಜ್ ಕಳಿಸುವಾಗ ಎರಡೂ ಕಡೆ ಅದೇ ಅಕ್ಷರ ಕಾಣೋದು ಆ ಒಪ್ಪಂದದಿಂದ.

ಒಪ್ಪಂದಕ್ಕೆ ಮುಂಚಿನ ಬರಹ ಮಾತ್ರ ಹಳೇ ಹಾರ್ಡ್‌ಡಿಸ್ಕುಗಳಲ್ಲಿ ಹಾಗೇ ಇದೆ. ನಿಮ್ಮ ಊರಿನ ಡಿಟಿಪಿ ಅಂಗಡಿಯಲ್ಲಿ, ಅಪ್ಪನ ಬೀರುವಿನಲ್ಲಿ ಅಂಥ ಫ್ಲಾಪಿ, ಸಿಡಿ ಇದ್ದರೆ ಬಿಸಾಡಬೇಡಿ. ಹಳೇ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಮೊದಲು ಅದು ಯಾವ ಫಾಂಟಿನಲ್ಲಿದೆ ಅಂತ ಟೈಪ್ ಮಾಡಿದವರನ್ನ ಕೇಳಿ, ಲೇಬಲ್ಲಿನ ಮೇಲೆ ಬರೆದಿಡಿ. ಹೇಳೋರು ಇರುವಾಗಲೇ ಕೇಳಿ.