ಆನಂದ ಮೋಹನ ಚಕ್ರವರ್ತಿ: ಜೀವಾಣುವಿನ ಮೇಲೆ ಪೇಟೆಂಟ್ ಪಡೆದ ವಿಜ್ಞಾನಿ

ಜೀವವಿರುವುದನ್ನು ಮನುಷ್ಯ ತನ್ನ ಆವಿಷ್ಕಾರವೆನ್ನಬಹುದೇ? ಈ ಪ್ರಶ್ನೆ ಎದ್ದಾಗಲೆಲ್ಲ ಡಾ. ಆನಂದ ಮೋಹನ ಚಕ್ರವರ್ತಿಯವರ ಹೆಸರು ಬರುತ್ತದೆ. 1938ರಲ್ಲಿ ಬಂಗಾಳದ ಸೈಂಥಿಯಾದಲ್ಲಿ ಹುಟ್ಟಿದ ಇವರು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ತೆರಳಿದರು.

ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಪ್ರಯೋಗಾಲಯದಲ್ಲಿದ್ದಾಗ ಅವರು ಕಚ್ಚಾ ತೈಲವನ್ನು ಕರಗಿಸುವ ಬ್ಯಾಕ್ಟೀರಿಯಾವನ್ನು ರೂಪಿಸಿದರು. ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರಗಳಿರುತ್ತವೆ. ತೈಲದ ಒಂದೊಂದು ಅಂಶವನ್ನು ಅರಗಿಸುವ ಶಕ್ತಿ ಒಂದೊಂದು ಪ್ಲಾಸ್ಮಿಡ್‌ನಲ್ಲಿತ್ತು. ಅಂಥ ನಾಲ್ಕನ್ನು ಅವರು ಒಂದೇ ಜೀವಾಣುವಿನಲ್ಲಿ ಕೂಡಿಸಿದರು.

1972ರಲ್ಲಿ ಸಲ್ಲಿಸಿದ ಅರ್ಜಿಯಲ್ಲಿ ತಯಾರಿಕೆಯ ವಿಧಾನಕ್ಕೆ ಪೇಟೆಂಟ್ ಒಪ್ಪಿದ ಕಚೇರಿಯು ಜೀವಾಣುವಿಗೆ ಮಾತ್ರ ನಿರಾಕರಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು. 1980ರ ಜೂನ್ 16ರಂದು 5-4ರ ಬಹುಮತದಿಂದ ತೀರ್ಪು ಅವರ ಪರವಾಯಿತು; ಜೀವವಿದೆಯೇ ಇಲ್ಲವೇ ಎಂಬುದಲ್ಲ, ಮನುಷ್ಯ ರೂಪಿಸಿದ್ದೇ ಎಂಬುದು ಮುಖ್ಯವೆಂದಿತು ನ್ಯಾಯಾಲಯ.

ನಾಲ್ಕೇ ದಿನಗಳಲ್ಲಿ ಅಮೆರಿಕದ ಕಥೋಲಿಕ, ಪ್ರೊಟೆಸ್ಟಂಟ್ ಮತ್ತು ಯೆಹೂದಿ ಸಂಸ್ಥೆಗಳ ಮುಖ್ಯಸ್ಥರು ಒಟ್ಟಾಗಿ ಅಧ್ಯಕ್ಷ ಕಾರ್ಟರ್ ಅವರಿಗೆ ಪತ್ರ ಬರೆದರು. ಹತೋಟಿ ಯಾರ ಕೈಯಲ್ಲಿ, ಲಾಭ ಯಾರಿಗೆ, ಕೇಡಾದರೆ ಅನುಭವಿಸುವವರು ಯಾರು ಎಂದು ಕೇಳಿದರು. ಧರ್ಮಸಭೆ ವಿಜ್ಞಾನಕ್ಕೆ ಅಡ್ಡಗಾಲು ಹಾಕುತ್ತದೆ ಎನ್ನುವವರು ಈ ಪತ್ರವನ್ನು ಗಮನಿಸಬೇಕೆಂದು ನಮ್ಮ ಅನಿಸಿಕೆ; ಅದು ಕೇಳಿದ್ದು ಹೊಣೆಗಾರಿಕೆಯನ್ನು. ಇದರಿಂದಾಗಿ ಅಧ್ಯಕ್ಷರ ಆಯೋಗವೊಂದು ಅಧ್ಯಯನ ನಡೆಸಿ 1982ರಲ್ಲಿ ವರದಿ ನೀಡಿತು. ತಳಿ ತಂತ್ರಜ್ಞಾನ ತನ್ನಷ್ಟಕ್ಕೇ ತಪ್ಪಲ್ಲ, ನಿರಂತರ ಮೇಲ್ವಿಚಾರಣೆ ಬೇಕು ಎಂಬುದು ಅದರ ನಿಲುವು. ಲಾಭ ಯಾರಿಗೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತೆಂದು ನಾವು ಭಾವಿಸುತ್ತೇವೆ. 1988ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಇಲಿಯ ಮೇಲೂ ಪೇಟೆಂಟ್ ಸಿಕ್ಕಿತು. ಪ್ರಕೃತಿಯಲ್ಲಿರುವ ಮಾನವ ಜೀನಿಗೆ ಪೇಟೆಂಟ್ ಸಲ್ಲದೆಂದು ಅದೇ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಭಾರತದ ಕಾನೂನು 2002ರ ತಿದ್ದುಪಡಿಯಲ್ಲಿ ಸಸ್ಯ, ಪ್ರಾಣಿಗಳನ್ನು ಪೇಟೆಂಟಿನಿಂದ ಹೊರಗಿಟ್ಟು ಸೂಕ್ಷ್ಮಜೀವಿಗಳಿಗೆ ವಿನಾಯಿತಿ ನೀಡಿದೆ.

ವಿಚಿತ್ರವೆಂದರೆ, ಇಷ್ಟೆಲ್ಲ ವಾದಕ್ಕೆ ಕಾರಣವಾದ ಆ ಜೀವಾಣುವನ್ನು ಕಡಲಿನ ತೈಲ ಸೋರಿಕೆಗೆ ಯಾರೂ ಬಳಸಲಿಲ್ಲ.

1979ರಲ್ಲೇ ಚಕ್ರವರ್ತಿಯವರು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯ ಸೇರಿದ್ದರು. ಶ್ವಾಸಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾವೊಂದರ ಅಝುರಿನ್ ಎಂಬ ಪ್ರೋಟೀನು ಕ್ಯಾನ್ಸರ್ ಕೋಶಗಳೊಳಗೆ ಹೊಗುವುದನ್ನು ಅಲ್ಲಿ ಅವರ ತಂಡ ಕಂಡಿತು. ಅದರ ತುಣುಕಾದ ಪಿ28 ಮೇಲೆ ಪೇಟೆಂಟ್ ಪಡೆದು, ಔಷಧಿಯಾಗಿ ಬೆಳೆಸಲು ಕಂಪೆನಿಯನ್ನೂ ಸ್ಥಾಪಿಸಿದರು. ಮೊದಲ ಹಂತದ ಪರೀಕ್ಷೆ ನಡೆದದ್ದು 15 ರೋಗಿಗಳ ಮೇಲೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. 2007ರಲ್ಲಿ ಪದ್ಮಶ್ರೀ ಪಡೆದಿದ್ದ ಅವರು 2020ರ ಜುಲೈ 10ರಂದು ನಿಧನರಾದರು.